ಶುಗರ್ ನಾರ್ಮಲ್, ಕುದುರೆ ಕುಂಟು: ಪೋನಿಗಳ ಕುಶಿಂಗ್ಸ್ ಮತ್ತು ಇನ್ಸುಲಿನ್ ತೊಂದರೆ

ಸಂಕ್ರಾಂತಿ ಮುಗಿದು ಎರಡು ದಿನ ಆಗಿತ್ತು. ಶ್ರೀರಂಗಪಟ್ಟಣದ ಹತ್ತಿರದ ಒಂದು ಹಳ್ಳಿ. ನನಗೆ ಪರಿಚಯದ ಯಜಮಾನರೊಬ್ಬರು ಮೊದಲು ಟಾಂಗಾ ಓಡಿಸುತ್ತಿದ್ದವರು. ಗಾಡಿ ಮಾರಿದರೂ ಕುದುರೆ ಮಾರಲು ಮನಸ್ಸು ಬಂದಿರಲಿಲ್ಲ. ಹತ್ತೊಂಬತ್ತು ವರ್ಷದ ಆ ಕುಳ್ಳ ಕುದುರೆಯ ಹೆಸರು ರಾಣಿ. ಹಬ್ಬದ ದಿನ ಹಸು, ಎತ್ತುಗಳ ಜೊತೆ ಅವಳಿಗೂ ಮೈ ತೊಳೆದು, ಅರಿಶಿನ ಹಚ್ಚಿ, ಕಬ್ಬು ತಿನ್ನಿಸಿದ್ದರು. ಮನೆ ಮಕ್ಕಳು ಎಳ್ಳುಬೆಲ್ಲ ಹಾಕಿದರು. ಪಕ್ಕದ ಮನೆಯವರು ಸಿಹಿ ಪೊಂಗಲ್ ತಂದು ಇಟ್ಟರು.

ನಾನು ಹೋದಾಗ ರಾಣಿ ವಿಚಿತ್ರವಾಗಿ ನಿಂತಿದ್ದಳು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿದ್ದಳು. ಕೊಟ್ಟಿಗೆ ಮುಂದಿನ ಜಲ್ಲಿ ಮೇಲೆ ಒಂದು ಹೆಜ್ಜೆ ಇಡಲೂ ಒಲ್ಲಳು. ಯಜಮಾನರ ಮಗನಿಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಮನೆಯಲ್ಲಿ ಗ್ಲೂಕೋಮೀಟರ್ ಇತ್ತು. ಕುದುರೆಯ ಒಂದು ಹನಿ ರಕ್ತ ತೆಗೆದು ಅದರಲ್ಲಿ ನೋಡಿದ್ದರು. 96 ತೋರಿಸಿತ್ತು. "ಶುಗರ್ ಏನೂ ಇಲ್ಲ ಬಿಡಿ ಸಾರ್, ಕಾಲು ಉಳುಕಿರಬೇಕು" ಎಂದರು.

ಉಳುಕಿರಲಿಲ್ಲ. ಪಶುವೈದ್ಯರು ಬಂದು ಗೊರಸು ಮುಟ್ಟಿ ನೋಡಿದರು, ಆಮೇಲೆ ಕುತ್ತಿಗೆ, ಬೆನ್ನು, ಹೊಟ್ಟೆ ನೋಡಿದರು. ಎರಡು ಹೆಸರು ಹೇಳಿದರು: ಕುಶಿಂಗ್ಸ್, ಇನ್ಸುಲಿನ್ ರೆಸಿಸ್ಟೆನ್ಸ್. ಮನೆಯವರಿಗೆ ಎರಡೂ ತಲೆಗೆ ಹೋಗಲಿಲ್ಲ. ಮಕ್ಕಳ ಸವಾರಿಗೆ, ರೆಸಾರ್ಟಿಗೆ, ತೋಟದ ಮನೆಗೆ ಅಂತ ಪೋನಿ ಸಾಕುವವರು ಮೈಸೂರು, ಮಂಡ್ಯ ಸುತ್ತ ಇದ್ದಾರೆ. ಅವರಿಗೂ ಬೇಕಾಗಬಹುದಾದ ವಿಷಯ ಇದು. ಬುಡದಿಂದ ನೋಡೋಣ.

ಪೋನಿ ಅಂದರೆ ಮರಿ ಅಲ್ಲ

ಪೋನಿಯನ್ನು ಕುದುರೆ ಮರಿ ಅಂದುಕೊಳ್ಳುವವರು ಜಾಸ್ತಿ. ಅದು ಕುಳ್ಳ ಜಾತಿಯ, ಪೂರ್ತಿ ಬೆಳೆದ ಕುದುರೆ. ಸಾಮಾನ್ಯವಾಗಿ ಹೆಗಲಿನವರೆಗೆ ಸುಮಾರು 148 ಸೆಂಟಿಮೀಟರಿಗಿಂತ ಕಡಿಮೆ ಎತ್ತರ ಇದ್ದರೆ ಪೋನಿ ಅನ್ನುತ್ತಾರೆ. ಇವುಗಳ ಪೂರ್ವಿಕರು ಬೆಟ್ಟ, ಬಂಜರು ನೆಲದಲ್ಲಿ ಒಣ ಹುಲ್ಲು ತಿಂದು, ದಿನಕ್ಕೆ ಹತ್ತಾರು ಮೈಲಿ ಅಲೆದು ಬದುಕಿದವು. ಸಿಕ್ಕ ಒಂದೊಂದು ಕಾಳನ್ನೂ ಕೊಬ್ಬು ಮಾಡಿ ಬರಗಾಲಕ್ಕೆ ಕೂಡಿಡುವ ದೇಹ ಅವುಗಳದು. ಅಂಥ ಪ್ರಾಣಿಯನ್ನು ನಾಲೆ ನೀರಿನ ಊರಿಗೆ ತಂದು, ಕೆಲಸ ಬಿಡಿಸಿ, ಮೂರು ಹೊತ್ತು ಬೂಸಾ ಇಟ್ಟರೆ? ಬರಗಾಲ ಬರುವುದೇ ಇಲ್ಲ. ಕೂಡಿಡುವುದು ಮಾತ್ರ ನಿಲ್ಲುವುದಿಲ್ಲ.

ಟಾಂಗಾ ಎಳೆಯುವಾಗ ರಾಣಿಗೆ ಏನೂ ಆಗಿರಲಿಲ್ಲ. ತಿಂದದ್ದು ದುಡಿಮೆಯಲ್ಲಿ ಕರಗುತ್ತಿತ್ತು. ತೊಂದರೆ ಶುರುವಾದದ್ದು ಅವಳು ರಿಟೈರ್ ಆದ ಮೇಲೆ.

ಲಗಾಮು ಸಡಿಲವಾದ ಗ್ರಂಥಿ

ಮೊದಲು ಕುಶಿಂಗ್ಸ್. ಹಾರ್ವಿ ಕುಶಿಂಗ್ ಎಂಬ ಅಮೆರಿಕದ ಮೆದುಳಿನ ಸರ್ಜನ್ 1912ರಲ್ಲಿ ಮನುಷ್ಯರಲ್ಲಿ ವಿವರಿಸಿದ ಕಾಯಿಲೆಗೆ ಅವರ ಹೆಸರೇ ಬಿತ್ತು. ಕುದುರೆಯದು ಅದಕ್ಕೆ ದೂರದ ನೆಂಟ ಅಷ್ಟೆ. ಈಗ ವೈದ್ಯರು ಇದನ್ನು ಪಿಪಿಐಡಿ ಎನ್ನುತ್ತಾರೆ. ರಿಪೋರ್ಟಿನಲ್ಲಿ ಆ ನಾಲ್ಕಕ್ಷರ ಕಂಡರೆ ಅದು ಇದೇ.

ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ. ಅದರ ನಡುಭಾಗ ಕೆಲವು ಹಾರ್ಮೋನು ತಯಾರಿಸುತ್ತದೆ. ಅದು ಎಷ್ಟು ತಯಾರಿಸಬೇಕು ಎಂಬುದಕ್ಕೆ ಒಂದು ಲಗಾಮು ಬೇಕಲ್ವಾ? ಆ ಲಗಾಮಿನ ಹೆಸರು ಡೋಪಮಿನ್. ಮೆದುಳಿನಿಂದ ಇಳಿದು ಬರುವ ನರಗಳು ಡೋಪಮಿನ್ ಸುರಿಸಿ ಗ್ರಂಥಿಯನ್ನು ಹಿಡಿದಿಡುತ್ತವೆ. ವಯಸ್ಸಾದಂತೆ ಕೆಲವು ಕುದುರೆಗಳಲ್ಲಿ ಈ ನರಗಳು ಸವೆಯುತ್ತವೆ. ಲಗಾಮು ಸಡಿಲ. ಗ್ರಂಥಿ ಊದಿಕೊಂಡು, ಹಾರ್ಮೋನುಗಳನ್ನು ಅಳತೆ ಇಲ್ಲದೆ ಸುರಿಯುತ್ತದೆ. ಅವುಗಳಲ್ಲಿ ಒಂದು ಎಸಿಟಿಎಚ್. ರಕ್ತ ಪರೀಕ್ಷೆಯಲ್ಲಿ ಹುಡುಕುವುದು ಅದನ್ನೇ.

ಇದು ಮುಪ್ಪಿನ ಕಾಯಿಲೆ. ಹತ್ತು ವರ್ಷದೊಳಗಿನ ಕುದುರೆಗೆ ಬರುವುದು ಅಪರೂಪ. 15 ದಾಟಿದವುಗಳಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಇದು ಇದೆ ಎಂದು ಆಸ್ಟ್ರೇಲಿಯಾದ ಅಧ್ಯಯನವೊಂದು ಕಂಡುಕೊಂಡಿದೆ. ಆದರೆ ಲಕ್ಷಣಗಳು ಎಷ್ಟು ನಿಧಾನವಾಗಿ ಬರುತ್ತವೆ ಎಂದರೆ, ದಿನಾ ನೋಡುವ ಕಣ್ಣಿಗೆ ಅದು ಬರೀ ವಯಸ್ಸಿನ ಹಾಗೆ ಕಾಣುತ್ತದೆ.

ರಾಣಿಯ ಮೈಮೇಲೆ ಕೂದಲು ಉದ್ದ ಬೆಳೆದಿತ್ತು. ಬೇಸಿಗೆ ಬಂದರೂ ಉದುರುತ್ತಿರಲಿಲ್ಲ. "ಚೆನ್ನಾಗಿ ಸಾಕಿದ್ದೀರಿ, ಕರಡಿ ಥರ ಆಗಿದ್ದಾಳೆ" ಎಂದು ಬಂದವರೆಲ್ಲ ಹೊಗಳಿದ್ದರು. ಬೆನ್ನಿನ ಮಾಂಸ ಕರಗಿ ಮೂಳೆ ಎದ್ದಿತ್ತು, ಹೊಟ್ಟೆ ಜೋತುಬಿದ್ದಿತ್ತು. ಈ ವಯಸ್ಸಲ್ಲಿ ಗಬ್ಬ ಆಗಿದ್ದಾಳಾ ಎಂದು ಒಬ್ಬರು ಕೇಳಿಯೂ ಇದ್ದರಂತೆ. ಬಕೆಟ್ ನೀರು ಬೇಗ ಖಾಲಿಯಾಗುತ್ತಿತ್ತು, ಕೊಟ್ಟಿಗೆ ಯಾವಾಗಲೂ ಒದ್ದೆ. ಸಣ್ಣ ಗಾಯ ಮಾಯಲು ತಿಂಗಳು. ಒಂದೊಂದಕ್ಕೂ ಒಂದು ಸಮಾಧಾನ ಸಿಕ್ಕಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಆ ವೈದ್ಯರೇ ಮೊದಲು.

ಇನ್ಸುಲಿನ್ ಎಂಬ ಕೂಗು

ಈಗ ಎರಡನೆಯದು. ಕುಶಿಂಗ್ಸ್ ಇರುವ ಎಲ್ಲ ಕುದುರೆಗೂ ಇನ್ಸುಲಿನ್ ತೊಂದರೆ ಇರುವುದಿಲ್ಲ. ಕುಶಿಂಗ್ಸ್ ಇಲ್ಲದ, ಐದಾರು ವರ್ಷದ ದಪ್ಪ ಪೋನಿಗೂ ಇನ್ಸುಲಿನ್ ತೊಂದರೆ ಬರಬಹುದು. ಎರಡೂ ಬೇರೆ ಬೇರೆ. ಒಂದೇ ಮೈಯಲ್ಲಿ ಸೇರಿದರೆ ಒಂದಕ್ಕೊಂದು ಕುಮ್ಮಕ್ಕು ಕೊಡುತ್ತವೆ.

ತಿಂದ ಮೇವಿನ ಸಕ್ಕರೆ ರಕ್ತಕ್ಕೆ ಬರುತ್ತದೆ. ಅದನ್ನು ಒಳಗೆ ತೆಗೆದುಕೊಳ್ಳಿ ಎಂದು ಮಾಂಸಖಂಡಕ್ಕೆ, ಕೊಬ್ಬಿಗೆ ಹೇಳುವುದು ಇನ್ಸುಲಿನ್. ಮೇದೋಜೀರಕ ಗ್ರಂಥಿ ಕೂಗುವ ಕೂಗು ಅಂದುಕೊಳ್ಳಿ. ತಾಯಿ ಅಡುಗೆಮನೆಯಿಂದ ಮಗನನ್ನು ಊಟಕ್ಕೆ ಕರೆಯುತ್ತಾಳೆ. ಮಗನ ಕಿವಿ ಚೆನ್ನಾಗಿದ್ದರೆ ಒಂದು ಸಲ "ಬಾರೋ" ಎಂದರೆ ಸಾಕು. ಅವನು ಮೊಬೈಲಲ್ಲಿ ಮುಳುಗಿದ್ದರೆ? ಎರಡು ಸಲ, ನಾಲ್ಕು ಸಲ, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ. ಕೊನೆಗೆ ಮಗ ಬಂದು ಉಣ್ಣುತ್ತಾನೆ. ಆದರೆ ಪಕ್ಕದ ಮನೆ ತೊಟ್ಟಿಲಲ್ಲಿದ್ದ ಕೂಸು ಎದ್ದು ಅಳುತ್ತಿರುತ್ತದೆ.

ಮಗನಿಗೆ ಕೂಗು ಕೇಳದಿರುವುದೇ ಇನ್ಸುಲಿನ್ ರೆಸಿಸ್ಟೆನ್ಸ್. ಕೂಗಿ ಕೂಗಿ ಆದರೂ ಊಟ ಆಗಿದೆಯಲ್ಲ, ಅದಕ್ಕೇ ರಕ್ತದ ಸಕ್ಕರೆ ನಾರ್ಮಲ್. ಗ್ಲೂಕೋಮೀಟರ್ ನೋಡುವುದು ಊಟ ಆಯಿತೋ ಇಲ್ಲವೋ ಎಂಬುದನ್ನು ಮಾತ್ರ. ಎಷ್ಟು ಕೂಗಿದರು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನು ಆ ಕೂಸು ಇದೆಯಲ್ಲ, ಅದು ಕುದುರೆಯ ಗೊರಸು.

ಮನುಷ್ಯರ ಸಕ್ಕರೆ ಕಾಯಿಲೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ನಮ್ಮಲ್ಲಿ ಕಣ್ಣು, ಕಿಡ್ನಿ, ಕಾಲು ಹಾಳಾಗುವುದು ವರ್ಷಗಟ್ಟಲೆ ಏರಿದ ಸಕ್ಕರೆಯಿಂದ. ಪೋನಿಗಳಲ್ಲಿ ಸಕ್ಕರೆ ಅಷ್ಟು ಏರುವುದೇ ಅಪರೂಪ. ಅಲ್ಲಿ ಕೇಡು ಮಾಡುವುದು ಏರಿದ ಇನ್ಸುಲಿನ್. ಇದನ್ನು 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ಸಾಬೀತು ಮಾಡಿತು. ಆರೋಗ್ಯವಾಗಿದ್ದ ಪೋನಿಗಳ ರಕ್ತದಲ್ಲಿ ಸಕ್ಕರೆ ನಾರ್ಮಲ್ ಇರುವಂತೆ ನೋಡಿಕೊಂಡು, ಇನ್ಸುಲಿನ್ ಮಾತ್ರ ಬಹಳ ಹೆಚ್ಚಿಸಿದರು. 72 ಗಂಟೆಯೊಳಗೆ ಅವುಗಳ ಗೊರಸು ಕೆಟ್ಟಿತು.

ಗೊರಸಿನೊಳಗೆ ಏನಾಗುತ್ತದೆ

ಗೊರಸು ಹೊರಗಿನಿಂದ ಕಲ್ಲಿನ ಹಾಗೆ ಕಾಣುತ್ತದೆ. ಒಳಗೆ ಒಂದು ಮೂಳೆ ಇದೆ. ಆ ಮೂಳೆ ಗೊರಸಿನ ತಳದ ಮೇಲೆ ಸುಮ್ನೆ ಕೂತಿಲ್ಲ. ಸುತ್ತಲಿನ ಗೋಡೆಗೆ ತೂಗುಹಾಕಿದ ಹಾಗೆ ಇದೆ. ಗೋಡೆ ಕಡೆಯಿಂದ ಸುಮಾರು 550ರಿಂದ 600 ತೆಳು ಎಸಳುಗಳು, ಮೂಳೆ ಕಡೆಯಿಂದ ಅದಕ್ಕೆ ಸರಿಯಾಗಿ ಅಷ್ಟೇ ಎಸಳುಗಳು. ಎರಡು ಪಂಚಾಂಗ ತಗೊಂಡು ಒಂದರ ಹಾಳೆ ನಡುವೆ ಇನ್ನೊಂದರ ಹಾಳೆ ತೂರಿಸುತ್ತಾ ಹೋಗಿ, ಆಮೇಲೆ ಎಳೆದು ನೋಡಿ. ಬಿಡಿಸಲು ಆಗುವುದಿಲ್ಲ. ಗೊರಸಿನ ಹಿಡಿತ ಅಂಥದ್ದು. ಒಂದೊಂದು ಎಸಳಿನ ಮೇಲೂ ನೂರಕ್ಕೂ ಹೆಚ್ಚು ಕಿರು ಎಸಳುಗಳಿವೆ. ಎಲ್ಲ ಬಿಡಿಸಿ ಹರಡಿದರೆ ಒಂದು ಗೊರಸಿನಲ್ಲೇ ಸುಮಾರು 0.8 ಚದರ ಮೀಟರ್ ಆಗುತ್ತದೆ.

ಇನ್ಸುಲಿನ್ ಅತಿಯಾದಾಗ ಈ ಎಸಳುಗಳು ಎಳೆದ ರಬ್ಬರಿನ ಹಾಗೆ ಉದ್ದವಾಗಿ, ಹಿಡಿತ ಕಳೆದುಕೊಳ್ಳುತ್ತವೆ. ಕುದುರೆಯ ಭಾರಕ್ಕೆ ಮೂಳೆ ಗೋಡೆಯಿಂದ ಸರಿಯುತ್ತದೆ. ಇದೇ ಲ್ಯಾಮಿನೈಟಿಸ್. ಜೋರಾದರೆ ಮೂಳೆ ತಿರುಗಿ ತಳದ ಕಡೆ ಚುಚ್ಚುತ್ತದೆ. ಉಗುರು ಬುಡದಿಂದ ಕೀಳುತ್ತಿರುವಾಗ ಅದೇ ಬೆರಳ ಮೇಲೆ ಮೈ ಭಾರ ಹಾಕಿ ನಿಲ್ಲಬೇಕು ಎಂದುಕೊಳ್ಳಿ, ಆಗ ರಾಣಿ ಯಾಕೆ ಹಾಗೆ ನಿಂತಿದ್ದಳು ಅನ್ನುವುದು ಗೊತ್ತಾಗುತ್ತದೆ. ಕುಶಿಂಗ್ಸ್‌ನ ಉದ್ದ ಕೂದಲು ಕುದುರೆಯನ್ನು ಕೊಲ್ಲುವುದಿಲ್ಲ. ಎದ್ದು ನಿಲ್ಲಲಾಗದ ಈ ನೋವು ಕೊಲ್ಲುತ್ತದೆ. ಮುಂದೆ ಹೇಳುವುದರಲ್ಲಿ ಬಹುಪಾಲು ಇದನ್ನು ತಪ್ಪಿಸುವ ಲೆಕ್ಕವೇ.

ರಕ್ತ ಪರೀಕ್ಷೆ: ಯಾವುದು, ಯಾವಾಗ

ಎಸಿಟಿಎಚ್ ನೋಡಲು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ತಣ್ಣಗೆ ಇಟ್ಟು, ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಬೈಕಿನ ಡಿಕ್ಕಿಯಲ್ಲಿ ಬಿಸಿಲಲ್ಲಿ ಮಂಡ್ಯದಿಂದ ಮೈಸೂರಿಗೆ ಒಯ್ದರೆ ಸಂಖ್ಯೆ ನಂಬುವಂತಿಲ್ಲ. ಥರ್ಮಾಸ್ ಅಥವಾ ಐಸ್ ಪೆಟ್ಟಿಗೆ ಬೇಕು. ಕುದುರೆ ಭಾರಿ ನೋವಿನಲ್ಲಿದ್ದಾಗ, ಗಾಬರಿಯಲ್ಲಿದ್ದಾಗ, ವ್ಯಾನಿನಲ್ಲಿ ಬಂದಿಳಿದ ತಕ್ಷಣ ರಕ್ತ ತೆಗೆದರೂ ಸಂಖ್ಯೆ ಏರಿಬಿಡಬಹುದು. ರಾಣಿಯ ವೈದ್ಯರು ನೋವು ಇಳಿಯಲಿ ಎಂದು ಹತ್ತು ದಿನ ಕಾದರು.

ಇನ್ನೊಂದು ಸೂಕ್ಷ್ಮ ಇದೆ. ಚಳಿ ದೇಶಗಳಲ್ಲಿ ಬೇಸಿಗೆ ಕಳೆದು ಹಗಲು ಕಿರಿದಾಗುತ್ತಿದ್ದಂತೆ ಆರೋಗ್ಯವಂತ ಕುದುರೆಗಳಲ್ಲೂ ಎಸಿಟಿಎಚ್ ಏರುತ್ತದೆ. ಅದಕ್ಕೇ ಅಲ್ಲಿನ ಲ್ಯಾಬುಗಳ ಪಟ್ಟಿಯಲ್ಲಿ ಬೇರೆ ಬೇರೆ ತಿಂಗಳಿಗೆ ಬೇರೆ ಬೇರೆ ಗಡಿ ಇರುತ್ತದೆ. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಎಂಟು ಗಂಟೆ ಮೀರಿದ ವ್ಯತ್ಯಾಸ. ಮೈಸೂರಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಬ್ರಿಟನ್ನಿನ ಪಟ್ಟಿ ಹಿಡಿದು ನಮ್ಮ ಕುದುರೆಯ ರಿಪೋರ್ಟ್ ಓದಿದರೆ ಎಡವುತ್ತೇವೆ. ಸಂಖ್ಯೆ ಗಡಿಯ ಆಸುಪಾಸಿನಲ್ಲಿದ್ದರೆ ವೈದ್ಯರು ಟಿಆರ್‌ಎಚ್ ಎಂಬ ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷದ ನಂತರ ಮತ್ತೆ ರಕ್ತ ತೆಗೆದು ನೋಡುವುದುಂಟು.

ಇನ್ಸುಲಿನ್ ಪರೀಕ್ಷೆಗೆ ಆ ಬೆಳಿಗ್ಗೆ ಕಾಳು, ಬೂಸಾ ಕೊಡಬಾರದು. ಒಣಹುಲ್ಲು ಆಗಬಹುದು. ಇದಕ್ಕಿಂತ ಚೆನ್ನಾಗಿ ಗುಟ್ಟು ಹೊರಹಾಕುವುದು ಸಕ್ಕರೆ ಪಾನಕದ ಪರೀಕ್ಷೆ. ಅಳತೆ ಮಾಡಿದ ಸಿರಪ್ ಬಾಯಿಗೆ ಹಾಕಿ, 60ರಿಂದ 90 ನಿಮಿಷದ ನಡುವೆ ಇನ್ಸುಲಿನ್ ಎಷ್ಟು ಏರಿತು ಎಂದು ನೋಡುತ್ತಾರೆ. ಕೂಗಿನ ಜೋರು ಅಳೆಯುವುದು ಹೀಗೆ. ಲ್ಯಾಬಿನವರಿಗೆ ಒಂದು ಪ್ರಶ್ನೆ ಮೊದಲೇ ಕೇಳಿಸಿ: ನಿಮ್ಮ ಇನ್ಸುಲಿನ್ ಪರೀಕ್ಷೆ ಕುದುರೆ ರಕ್ತಕ್ಕೆ ಸರಿಹೊಂದುತ್ತಾ? ಮನುಷ್ಯರಿಗೆಂದು ಮಾಡಿದ ಎಲ್ಲ ಕಿಟ್‌ಗಳೂ ಕುದುರೆಯ ಇನ್ಸುಲಿನ್ ಗುರುತಿಸುವುದಿಲ್ಲ. ಮುಂದಿನ ಸಲವೂ ಅದೇ ಲ್ಯಾಬಿಗೇ ಕಳಿಸಿದರೆ ಹೋಲಿಸಲು ಸುಲಭ.

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕುಶಿಂಗ್ಸ್‌ಗೆ ಕೊಡುವ ಮುಖ್ಯ ಔಷಧ ಪರ್ಗೊಲೈಡ್. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆಂದು ಬಂದ ಮಾತ್ರೆ ಇದು. ಹೃದಯದ ಕವಾಟಕ್ಕೆ ತೊಂದರೆ ಎಂದು 2007ರಲ್ಲಿ ಅಮೆರಿಕದಲ್ಲಿ ಮನುಷ್ಯರ ಬಳಕೆಯಿಂದ ವಾಪಸ್ ಪಡೆದರು. ಕುದುರೆಗಳಿಗೆ ಅದೇ ಈಗ ಆಸರೆ. ಅದು ಡೋಪಮಿನ್ ಥರ ನಟಿಸುತ್ತದೆ. ಸಡಿಲವಾದ ಲಗಾಮನ್ನು ಬೇರೊಬ್ಬರು ಹಿಡಿದ ಹಾಗೆ. ಸವೆದ ನರ ಮತ್ತೆ ಚಿಗುರುವುದಿಲ್ಲ, ಆದ್ದರಿಂದ ಮಾತ್ರೆ ಜೀವನಪೂರ್ತಿ ಬೇಕು.

ಸಾಮಾನ್ಯವಾಗಿ ಶುರು ಮಾಡುವುದು ದೇಹತೂಕದ ಒಂದು ಕಿಲೋಗೆ 2 ಮೈಕ್ರೋಗ್ರಾಂ ಲೆಕ್ಕದಲ್ಲಿ, ದಿನಕ್ಕೊಂದು ಸಲ. 200 ಕಿಲೋ ಪೋನಿಗೆ ಅರ್ಧ ಮಿಲಿಗ್ರಾಮಿನ ಆಸುಪಾಸು. ಎಷ್ಟು ಎಂದು ನಿರ್ಧರಿಸುವವರು ವೈದ್ಯರು. ಒಂದರಿಂದ ಮೂರು ತಿಂಗಳೊಳಗೆ ಮತ್ತೆ ರಕ್ತ ನೋಡಿ ಏರಿಸುತ್ತಾರೆ ಅಥವಾ ಅಷ್ಟರಲ್ಲೇ ಬಿಡುತ್ತಾರೆ. ಮೊದಲ ದಿನಗಳಲ್ಲಿ ಕೆಲವು ಕುದುರೆಗಳು ಮೇವು ಬಿಡುತ್ತವೆ, ಮಂಕಾಗುತ್ತವೆ. ಆಗ ನೀವೇ ನಿಲ್ಲಿಸಿ ಕೂರಬೇಡಿ, ಫೋನ್ ಮಾಡಿ. ಮಾತ್ರೆಯನ್ನು ಕುಟ್ಟಿ ಪುಡಿ ಮಾಡಬಾರದು, ಆ ಪುಡಿ ಕೊಡುವವರ ಮೂಗಿಗೂ ಹೋಗುತ್ತದೆ. ಬಸುರಿಯರು, ಬಾಣಂತಿಯರು ಬರಿಗೈಯಲ್ಲಿ ಮುಟ್ಟಬಾರದು.

ಎಲ್ಲರೂ ತಪ್ಪು ತಿಳಿಯುವುದು ಇಲ್ಲಿ. ಪರ್ಗೊಲೈಡ್ ಕೊಟ್ಟಾಯಿತಲ್ಲ, ಇನ್ನು ಬೆಲ್ಲ ಕೊಡಬಹುದಲ್ವಾ ಅಂದರೆ, ಇಲ್ಲ. ಮಾತ್ರೆ ಗ್ರಂಥಿಯನ್ನು ಹಿಡಿಯುತ್ತದೆ. ಇನ್ಸುಲಿನ್ ಹಿಡಿಯಬೇಕಾದದ್ದು ಮೇವಿನ ಬುಟ್ಟಿಯಲ್ಲಿ. ಮನೆಯಲ್ಲಿರುವ ಮನುಷ್ಯರ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಹಾಕಿ ನೋಡೋಣ ಅನ್ನುವವರೂ ಇದ್ದಾರೆ. ಕುದುರೆಯ ಕರುಳು ಅದನ್ನು ಹೀರಿಕೊಳ್ಳುವುದೇ ಬಹಳ ಕಡಿಮೆ. ಮೇವು ಸರಿ ಮಾಡಿದರೂ ಇನ್ಸುಲಿನ್ ಇಳಿಯದ ಕುದುರೆಗೆ ಕೊಡುವ ಹೊಸ ಔಷಧಗಳಿವೆ, ಅವು ಪೂರ್ತಿ ವೈದ್ಯರ ಕೈಯಲ್ಲಿರಬೇಕಾದ ವಿಷಯ.

ಮಂಡ್ಯದ ಮೇವು, ಪೋನಿಯ ಬಾಯಿ

1933ರಲ್ಲೇ ಸಕ್ಕರೆ ಕಾರ್ಖಾನೆ ಕಂಡ ಊರು ಮಂಡ್ಯ. ಇಲ್ಲಿ ಪ್ರೀತಿ ತೋರಿಸುವುದೇ ಸಿಹಿಯಲ್ಲಿ. ಆಲೆಮನೆ ಮುಂದೆ ಹೋದರೆ ಕುದುರೆಗೂ ಒಂದು ಹೆಂಟೆ ಬೆಲ್ಲ. ಈ ಕಾಯಿಲೆಯ ಪೋನಿಗೆ ಇದಕ್ಕಿಂತ ಕಷ್ಟದ ಊರು ಹುಡುಕಿದರೂ ಸಿಗಲಿಕ್ಕಿಲ್ಲ.

ಲೆಕ್ಕ ಹೀಗೆ: ಮೇವಿನಲ್ಲಿರುವ ಸಕ್ಕರೆ ಮತ್ತು ಪಿಷ್ಟ ಎರಡೂ ಸೇರಿ, ಒಣ ತೂಕದಲ್ಲಿ ನೂರಕ್ಕೆ ಹತ್ತು ಹನ್ನೆರಡರ ಒಳಗೆ ಇರಬೇಕು. ಪಿಷ್ಟ ಅಂದರೆ ಅನ್ನ, ಮುದ್ದೆಯಲ್ಲಿರುವ ಹಿಟ್ಟಿನ ಅಂಶ, ಹೊಟ್ಟೆಗೆ ಹೋದರೆ ಅದೂ ಸಕ್ಕರೆಯೇ. ಹಾಗಾಗಿ ಬೆಲ್ಲ, ಕಬ್ಬು, ಕಬ್ಬಿನ ಸೋಗೆ, ಬಾಳೆಹಣ್ಣು ಬಂದ್. ರಾಗಿ, ಮುಸುಕಿನ ಜೋಳ, ಅನ್ನ, ಗಂಜಿಯೂ ಬಂದ್. ಹುರುಳಿ ಬಿಡಲು ಯಜಮಾನರಿಗೆ ತುಂಬಾ ಕಷ್ಟ ಆಯಿತು. "ಕುದುರೆಗೆ ಹುರುಳಿ ಬೇಡ ಅಂದರೆ ಮೀನಿಗೆ ನೀರು ಬೇಡ ಅಂದ ಹಾಗಾಯ್ತು" ಎಂದರು. ಗಾಡಿ ಎಳೆಯುವ ಕುದುರೆಗೆ ಹುರುಳಿ ಸರಿ. ಅದರಲ್ಲಿ ಪ್ರೋಟೀನು ಇರುವ ಹಾಗೆ ಪಿಷ್ಟವೂ ಧಾರಾಳವಾಗಿದೆ. ಕೊಟ್ಟಿಗೆಯಲ್ಲಿ ನಿಂತ ರಾಣಿಗೆ ಅದು ಬೇಕಿಲ್ಲ.

ಹಸುಗಳ ಪಶು ಆಹಾರದ ಮೂಟೆ ಹತ್ತಿರವೂ ಬಿಡಬೇಡಿ. ಅದರಲ್ಲಿ ಸಾಮಾನ್ಯವಾಗಿ ಕಾಕಂಬಿ ಬೆರೆಸಿರುತ್ತಾರೆ. ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್ ಎಂಬ ಪದಾರ್ಥವೂ ಇರುತ್ತದೆ. ಹಸುವಿಗೆ ಅದರಿಂದ ಲಾಭ. ಕುದುರೆಗೆ ಸ್ವಲ್ಪವೇ ಸಾಕು, ಹೃದಯ ನಿಲ್ಲಿಸುವ ವಿಷ.

ಮತ್ತೆ ಕೊಡುವುದೇನು? ಒಣಗಿಸಿದ ಹುಲ್ಲು. ಬಲಿತ, ನಾರಿನ ಒಣಹುಲ್ಲೇ ಬುನಾದಿ. ಎಳೆಯ ಹುಲ್ಲಿಗಿಂತ ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಕಡಿಮೆ. ನಮ್ಮಂಥ ಬಿಸಿಲು ನಾಡಿನ ಹುಲ್ಲುಗಳಲ್ಲಿ ಚಳಿ ದೇಶದ ಹುಲ್ಲಿಗಿಂತ ಸಕ್ಕರೆ ಸಾಮಾನ್ಯವಾಗಿ ಕಡಿಮೆ ಎಂಬುದೂ ಒಂದು ಪುಣ್ಯ. ಹುಲ್ಲನ್ನು ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿದರೆ ಇನ್ನಷ್ಟು ಸಕ್ಕರೆ ನೀರಿಗೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಹುಲ್ಲಿಂದ ಹುಲ್ಲಿಗೆ ಬೇರೆ. ಆ ನೀರನ್ನು ಕುದುರೆ ಕುಡಿಯದ ಕಡೆ ಚೆಲ್ಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ರಾತ್ರಿಯಿಡೀ ನೆನೆಸಿದರೆ ಹುಳಿ ಬರುತ್ತದೆ, ಇಡ್ಲಿ ಹಿಟ್ಟಿನ ಹಾಗೆ. ನೆರಳಲ್ಲಿ ನೆನೆಸಿ, ಹಿಂಡಿ, ಬೇಗ ತಿನ್ನಿಸಿ. ನೆನೆಸಿದಾಗ ಖನಿಜವೂ ಹೋಗುವುದರಿಂದ ಕುದುರೆಗೆಂದೇ ಮಾಡಿದ ಮಿನರಲ್ ಮಿಶ್ರಣ, ಒಂದು ಉಪ್ಪಿನ ಗಡ್ಡೆ ಬೇಕು.

ಭತ್ತದ ಹುಲ್ಲು ಸುಲಭವಾಗಿ ಸಿಗುತ್ತದೆ. ಆದರೆ ಅದೊಂದನ್ನೇ ಹಾಕಬಾರದು. ಹಲ್ಲು ಸವೆದ ಮುದಿ ಕುದುರೆ ಅದನ್ನು ಸರಿಯಾಗಿ ಅಗಿಯಲಾರದು, ಕರುಳು ಕಟ್ಟಿಕೊಂಡು ಹೊಟ್ಟೆನೋವು ಬರುತ್ತದೆ. ನೇಪಿಯರ್ ಹುಲ್ಲಿನದು ಇನ್ನೊಂದು ಕಥೆ. ಅದರಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಹಿಡಿದಿಟ್ಟು ಮೈಗೆ ಸೇರದ ಹಾಗೆ ಮಾಡುತ್ತದೆ. ಅದರ ಜೊತೆಗೆ ರಂಜಕ ತುಂಬಿದ ಬೂಸಾ ಸೇರಿದರೆ ಮೂಳೆಯ ಕ್ಯಾಲ್ಸಿಯಂ ಕರಗಿ, ವರ್ಷ ಕಳೆಯುವಷ್ಟರಲ್ಲಿ ಮುಖದ ಮೂಳೆ ಊದುವ ಕಾಯಿಲೆ ಬರಬಹುದು. ಸ್ವಲ್ಪ ಕುದುರೆ ಮಸಾಲೆ ಸೊಪ್ಪು ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಪ್ರೋಟೀನು ಚೆನ್ನಾಗಿದೆ. ಹೆಸರೇ ಕುದುರೆ ಮಸಾಲೆ ಎಂದು ಬುಟ್ಟಿ ತುಂಬಬೇಡಿ, ಮಸಾಲೆಯಷ್ಟೇ ಇರಲಿ. ದಪ್ಪ ಪೋನಿಗೆ ಅದು ಬೇಗ ಕೊಬ್ಬು ಕೂಡಿಸುತ್ತದೆ.

ಹೊರಗೆ ಮೇಯಲು ಬಿಡುವುದಾದರೆ ಬೆಳಗಿನ ಜಾವ. ಬಿಸಿಲು ಏರಿದಂತೆ ಎಲೆ ಸಕ್ಕರೆ ತಯಾರಿಸುತ್ತಾ ಹೋಗುತ್ತದೆ, ಸಂಜೆ ಹೊತ್ತಿಗೆ ಅದು ತುಂಬಿರುತ್ತದೆ. ರಾತ್ರಿ ಖರ್ಚಾಗಿ ಮುಂಜಾನೆಗೆ ಕಡಿಮೆಯಾಗುತ್ತದೆ. ಮೊದಲ ಮಳೆ ಬಿದ್ದು ಗರಿಕೆ ಚಿಗುರುವ ವಾರ ಕಟ್ಟಿಹಾಕುವುದೇ ಕ್ಷೇಮ.

ತಕ್ಕಡಿ ಮತ್ತು ಟೇಪು

ಇಷ್ಟು ಕೇಳಿ ಕೆಲವರು ಗಾಬರಿಯಾಗಿ ಮೇವೇ ನಿಲ್ಲಿಸುತ್ತಾರೆ. ಪೋನಿಯನ್ನು ಉಪವಾಸ ಕೆಡವಬಾರದು. ಹೊಟ್ಟೆ ಖಾಲಿಯಾದರೆ ಮೈಯ ಕೊಬ್ಬೆಲ್ಲ ಒಮ್ಮೆಲೇ ಕರಗಿ ರಕ್ತಕ್ಕೆ ನುಗ್ಗುತ್ತದೆ, ಲಿವರ್ ಕೈಕೊಡುತ್ತದೆ, ಕೆಲವೇ ದಿನದಲ್ಲಿ ಪ್ರಾಣ ಹೋಗಬಹುದು. ಕಡಿಮೆ ಮಾಡಬೇಕಾದದ್ದು ಸಕ್ಕರೆಯನ್ನು, ಬಾಯಾಡಿಸುವುದನ್ನಲ್ಲ.

ತೂಕ ಗೊತ್ತಾಗಲು ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ರಾಣಿಯ ಸುತ್ತಳತೆ 140, ಉದ್ದ 120. ಬಂದದ್ದು 198 ಕಿಲೋ. ತೂಕ ಇಳಿಸಬೇಕಾದ ಪೋನಿಗೆ ದಿನಕ್ಕೆ ದೇಹತೂಕದ ನೂರಕ್ಕೆ ಒಂದೂವರೆ ಭಾಗ ಒಣ ಮೇವು. ಅಂದರೆ ಮೂರು ಕಿಲೋ. ಒಣಹುಲ್ಲಿನಲ್ಲೂ ಸ್ವಲ್ಪ ನೀರಿನಂಶ ಇರುವುದರಿಂದ ತಕ್ಕಡಿಯಲ್ಲಿ ಮೂರು ಕಿಲೋ ಮುನ್ನೂರು ಗ್ರಾಂ. ತೂಗುವುದು ನೆನೆಸುವ ಮೊದಲು. ನಾಲ್ಕು ಪಾಲು ಮಾಡಿ, ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟಿದರೆ ನಿಧಾನಕ್ಕೆ ಎಳೆದು ತಿನ್ನುತ್ತದೆ. ರಾತ್ರಿ ಪಾಲು ದೊಡ್ಡದಿರಲಿ.

ಟೇಪಿಗಿಂತ ಕೈ ಹೇಳುವುದೂ ಇದೆ. ಜೂಲಿನ ಬುಡವನ್ನು ಹಿಡಿದು ನೋಡಿ. ಮೆತ್ತಗೆ ಬಾಗಿದರೆ ಒಳ್ಳೆಯದು. ಗಟ್ಟಿಯಾಗಿ, ದಿಂಬಿನ ಹಾಗೆ ಉಬ್ಬಿದ್ದರೆ ಇನ್ಸುಲಿನ್ ಏರಿರುವ ಅನುಮಾನ. ಕುಶಿಂಗ್ಸ್ ಇದ್ದು ಪೋನಿ ಬಡಕಲಾಗಿದ್ದರೆ ತೂಕ ಹೆಚ್ಚಿಸಬೇಕಾಗುತ್ತದೆ. ಆಗಲೂ ಕಾಳಿನ ದಾರಿ ಬೇಡ, ಸ್ವಲ್ಪ ಎಣ್ಣೆ, ಹೆಚ್ಚು ಹುಲ್ಲು.

ಕಾಲು ನೋವು ಬಂದ ದಿನ

ರಾಣಿ ನಿಂತ ಹಾಗೆ ನಿಂತರೆ, ತಿರುಗುವಾಗ ಮುಗ್ಗರಿಸಿದರೆ, ಗೊರಸು ಬಿಸಿಯಾಗಿದ್ದರೆ, ಗೊರಸಿನ ಮೇಲಿನ ಗೆಣ್ಣಿನ ಹಿಂದೆ ನಾಡಿ ಡವಡವ ಹೊಡೆದುಕೊಳ್ಳುತ್ತಿದ್ದರೆ ಅದೇ ದಿನ ವೈದ್ಯರನ್ನು ಕರೆಸಿ. ನಡೆಸಿದರೆ ಬಿಟ್ಟುಹೋಗುತ್ತೆ ಎಂಬ ಮಾತು ಬಹಳ ಕುದುರೆಗಳನ್ನು ಕೆಡಿಸಿದೆ. ಹಿಡಿತ ಬಿಡುತ್ತಿರುವ ಎಸಳಿಗೆ ಒಂದೊಂದು ಹೆಜ್ಜೆಯೂ ಜಗ್ಗಾಟ. ನಿಂತಲ್ಲೇ ಬಿಡಿ. ಕಾಲ ಕೆಳಗೆ ಅರ್ಧ ಅಡಿ ಮರಳು ಅಥವಾ ಮರದ ಪುಡಿ ಹರಡಿ. ಗೊರಸು, ಕಾಲು ಮುಳುಗುವ ಹಾಗೆ ಐಸ್ ನೀರಿನ ಚೀಲ ಕಟ್ಟಿ, ಕರಗಿದಂತೆ ಹೊಸ ಐಸ್ ಹಾಕುತ್ತಾ ಎರಡು ಮೂರು ದಿನ. ಯಜಮಾನರ ಮಗ ಐಸ್ ಫ್ಯಾಕ್ಟರಿಗೂ ಮನೆಗೂ ಓಡಾಡಿ ಸುಸ್ತಾಗಿದ್ದ. ಮನುಷ್ಯರ ನೋವಿನ ಮಾತ್ರೆ ನುಂಗಿಸಬೇಡಿ. ಇನ್ನೊಂದು ವಿಷಯ: ಬೇರೆ ಯಾವುದೋ ತೊಂದರೆಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಲು ಬಂದವರಿಗೆ ಈ ಕುದುರೆಗೆ ಇನ್ಸುಲಿನ್ ತೊಂದರೆ ಇದೆ ಎಂದು ಮೊದಲೇ ಹೇಳಿ. ಸ್ಟಿರಾಯ್ಡ್ ಅದನ್ನು ಕೆರಳಿಸಬಹುದು.

ಎಕ್ಸ್‌ರೇ ತೆಗೆದರೆ ಮೂಳೆ ಎಷ್ಟು ಸರಿದಿದೆ ಎಂದು ಗೊತ್ತಾಗುತ್ತದೆ. ಗೊರಸು ಕತ್ತರಿಸಿ ಲಾಳ ಹಾಕುವವರಿಗೂ ಅದನ್ನು ತೋರಿಸಬೇಕು. ಆಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ತಪ್ಪದೆ ಗೊರಸು ಸರಿಮಾಡಿಸಬೇಕು. ಮುಂದಿನ ತುದಿ ಉದ್ದ ಬಿಟ್ಟರೆ ಸನ್ನೆಕೋಲಿನ ಹಾಗೆ ಗೋಡೆಯನ್ನು ಮೀಟುತ್ತದೆ.

ಉಳಿದ ಚಾಕರಿ

ನೋವು ಪೂರ್ತಿ ಹೋದ ಮೇಲೆ ನಡಿಗೆ. ದಿನಾ ನಡೆದರೆ ಮಾಂಸಖಂಡದ ಕಿವಿ ಚುರುಕಾಗುತ್ತದೆ, ಕೂಗು ತಗ್ಗುತ್ತದೆ. ಉದ್ದ ಕೂದಲನ್ನು ಬೇಸಿಗೆಗೆ ಮುಂಚೆ ಮಷಿನ್ನಿನಲ್ಲಿ ಕತ್ತರಿಸಿ, ಇಲ್ಲವಾದರೆ ಕಂಬಳಿ ಹೊದ್ದು ಬಿಸಿಲಲ್ಲಿ ನಿಂತ ಹಾಗೆ. ಈ ಕುದುರೆಗಳಿಗೆ ರೋಗ ತಡೆಯುವ ಶಕ್ತಿ ಕಡಿಮೆ, ಹಾಗಾಗಿ ಜಂತಿನ ಔಷಧ ಸುಮ್ನೆ ಹಾಕುವ ಬದಲು ಲದ್ದಿ ಪರೀಕ್ಷೆ ಮಾಡಿಸಿ ಹಾಕಿಸಿ. ಹಲ್ಲು ವರ್ಷಕ್ಕೆ ಒಂದೆರಡು ಸಲ ನೋಡಿಸಿ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ತಿಂಗಳಿಗೊಮ್ಮೆ ಸುತ್ತಳತೆ ಬರೆದಿಡಿ. ಕಣ್ಣಿಗೆ ಕಾಣದ್ದು ಅಲ್ಲಿ ಕಾಣುತ್ತದೆ.

ರಾಣಿಗೆ ಈಗ ಇಪ್ಪತ್ತು. ಈ ವರ್ಷದ ಸಂಕ್ರಾಂತಿಗೂ ಹೋಗಿದ್ದೆ. ಕೂದಲು ಕತ್ತರಿಸಿದ ಮೈಗೆ ಅರಿಶಿನ ಹಚ್ಚಿದ್ದರು, ಕೊರಳಿಗೆ ಗೆಜ್ಜೆ. ಕೊಟ್ಟಿಗೆ ಬಾಗಿಲಿಗೆ ಮೊಮ್ಮಗಳು ಚಾಕ್‌ಪೀಸಿನಲ್ಲಿ "ರಾಣಿಗೆ ಏನೂ ಕೊಡಬೇಡಿ" ಎಂದು ಬರೆದಿದ್ದಳು. ಎತ್ತುಗಳು ಕಬ್ಬು ಅಗಿಯುತ್ತಿದ್ದವು. ರಾಣಿ ಅತ್ತ ಕಡೆ ಕತ್ತು ಚಾಚಿ ಹಗ್ಗ ಎಳೆದಳು. ಯಜಮಾನರು ಜೇಬಿನಿಂದ ಎರಡು ಹೋಳು ಸೌತೆಕಾಯಿ ತೆಗೆದರು. ಒಂದನ್ನು ಮೂಸಿ ಬಿಟ್ಟಳು. ಇನ್ನೊಂದನ್ನು, ಬೇರೇನೂ ಬರುವುದಿಲ್ಲ ಎಂದು ಗ್ಯಾರಂಟಿಯಾದ ಮೇಲೆ, ತಿಂದಳು.